ಬೆಳ್ಳಿಗೆಷ್ಟು, ಮುದ್ರೆಗೆಷ್ಟು?

(ದೇಹೂ ರೋಡ್‌ನಲ್ಲಿ ಸೇರಿದ್ದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ನಾನು ಪ್ರೀಮಿಯಂ ಬಗ್ಗೆ ಮಾತಾಡುತ್ತೇನೆ ಅಂದಾಗ ಇಬ್ಬರು "ಎಲ್‌ಐಸಿ ಪಾಲಿಸಿ ಮಾಡಿಸೋದಕ್ಕೆ ಬಂದಿದ್ದೀರಾ?" ಅಂತ ಕೇಳಿದರು. ಅಲ್ಲ. ಬೆಳ್ಳಿ ವ್ಯಾಪಾರದಲ್ಲೂ ಈ ಮಾತು ಇದೆ. ಒಂದು ನಾಣ್ಯದಲ್ಲಿರುವ ಬೆಳ್ಳಿಯ ಬೆಲೆ ಒಂದು, ಆ ನಾಣ್ಯಕ್ಕೆ ನಾವು ಕೊಡುವ ಹಣ ಇನ್ನೊಂದು. ಎರಡರ ನಡುವಿನ ವ್ಯತ್ಯಾಸಕ್ಕೆ ಪ್ರೀಮಿಯಂ ಅನ್ನುತ್ತಾರೆ. ಒಡವೆ ಅಂಗಡಿಯಲ್ಲಿ ನಾವು ಮಜೂರಿ ಅಂತ ಕೊಡುತ್ತೇವಲ್ಲ, ಅದರ ಹತ್ತಿರದ ನೆಂಟ ಇದು. ಆದರೆ ಮಜೂರಿಯ ಬಗ್ಗೆ ನಾವು ಅರ್ಧ ಗಂಟೆ ಜಗಳ ಮಾಡುತ್ತೇವೆ, ನಾಣ್ಯದ ಪ್ರೀಮಿಯಂ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅದಕ್ಕೇ ಈ ಮಾತು.

ನಮ್ಮ ಕಪಾಟುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಬೆಳ್ಳಿ ನಾಣ್ಯ ಇರುತ್ತವೆ. ಮೊದಲು ಅವನ್ನು ಬೇರೆ ಬೇರೆ ಮಾಡಿಕೊಳ್ಳೋಣ.

ಒಂದನೆಯದು, ಧನತ್ರಯೋದಶಿಗೋ ವರಮಹಾಲಕ್ಷ್ಮಿ ಹಬ್ಬಕ್ಕೋ ಅಂಗಡಿಯಿಂದ ತಂದದ್ದು. ಲಕ್ಷ್ಮಿ, ಗಣಪತಿ, ಓಂಕಾರ ಇರುತ್ತದೆ. 5 ಗ್ರಾಂ, 10 ಗ್ರಾಂ, 20 ಗ್ರಾಂ. ನಾವು ಇದನ್ನು ನಾಣ್ಯ ಅಂತ ಕರೆದರೂ ಕಾನೂನಿನ ಪ್ರಕಾರ ಇದು ನಾಣ್ಯ ಅಲ್ಲ, ಬಿಲ್ಲೆ. ನಮ್ಮ ದೇಶದಲ್ಲಿ ನಾಣ್ಯ ಹೊಡೆಯುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮಾತ್ರ.

ಎರಡನೆಯದು, ಅಜ್ಜಿಯ ಕಾಲದ್ದು. ರಾಣಿ ಛಾಪಿನ ರೂಪಾಯಿ, ರಾಜನ ಛಾಪಿನ ರೂಪಾಯಿ. ಒಂದು ತೊಲ ತೂಕ, ಅಂದರೆ 11.66 ಗ್ರಾಂ. ಅದರಲ್ಲಿ 12ಕ್ಕೆ 11 ಪಾಲು ಬೆಳ್ಳಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10.7 ಗ್ರಾಂ ಶುದ್ಧ ಬೆಳ್ಳಿ. ಆದರೆ ಇಸವಿ ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. 1947ರಿಂದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಾಗಾಗಿ ಒಂದೇ ಗಂಟಿನಲ್ಲಿರುವ ಎರಡು ರೂಪಾಯಿಗಳಲ್ಲಿ ಒಂದರ ಬೆಳ್ಳಿ ಇನ್ನೊಂದರ ಅರ್ಧ ಇರಬಹುದು. ಸೊಸೆಯಂದಿರಿಗೆ ಹಂಚುವಾಗ ಎಣಿಸಿ ಹಂಚಿದರೆ ಸಾಲದು, ಇಸವಿ ಓದಿ ಹಂಚಬೇಕು.

ಮೂರನೆಯದೇ ಇವತ್ತಿನ ಮುಖ್ಯ ವಿಷಯ. ಸರ್ಕಾರದ ಟಂಕಸಾಲೆ ಹೊಡೆಯುವ ದೊಡ್ಡ ಸ್ಮಾರಕ ನಾಣ್ಯ. ಮಖಮಲ್ಲಿನ ಪೆಟ್ಟಿಗೆಯಲ್ಲಿ, ಪಾರದರ್ಶಕ ಡಬ್ಬಿಯೊಳಗೆ ಬರುತ್ತದಲ್ಲ, ಅದು. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ ಈ ನಾಲ್ಕು ಕಡೆ ಸರ್ಕಾರಿ ಟಂಕಸಾಲೆಗಳಿವೆ. ಇಸವಿಯ ಕೆಳಗೆ ಸಣ್ಣ ಗುರುತು ನೋಡಿದರೆ ಎಲ್ಲಿಯದು ಅಂತ ತಿಳಿಯುತ್ತದೆ. ಮುಂಬೈಗೆ ವಜ್ರದ ಆಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಾಗೆ ಗುರುತೇ ಇಲ್ಲ.

ಈ ನಾಣ್ಯಗಳು ನಮಗೆ ದೂರದ ವಸ್ತುವೇನಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲೇ ಇಂದ್ರಾಯಣಿ ತೀರದ ದೇಹೂ ಗ್ರಾಮ ಇದೆ. ಆ ತುಕಾರಾಮ ಮಹಾರಾಜರ ಹೆಸರಿನಲ್ಲಿ 2002ರಲ್ಲಿ ನಾಣ್ಯ ಬಂತು. ಎರಡು ರೂಪಾಯಿಯದು ತರಕಾರಿ ಅಂಗಡಿಯಲ್ಲಿ ಚಿಲ್ಲರೆಯಾಗಿ ನಮ್ಮ ಕೈಗೂ ಬಂದಿದೆ. ನೂರು ರೂಪಾಯಿಯದು ಸಂಗ್ರಹಕಾರರಿಗಾಗಿ ಮಾಡಿದ್ದು. ನಮ್ಮ ಬಸವಣ್ಣನವರ ನಾಣ್ಯ 2006ರದು, ಐದು ರೂಪಾಯಿ ಮತ್ತು ನೂರು ರೂಪಾಯಿ. ಹೆಣ್ಣುಮಕ್ಕಳಿಗೆ ಸಂಬಂಧಪಟ್ಟವೂ ಇವೆ. ವಿಶ್ವಸಂಸ್ಥೆಯ ಮಹಿಳಾ ವರ್ಷವಾದ 1975ರಲ್ಲಿ "ಸಮಾನತೆ, ಅಭಿವೃದ್ಧಿ, ಶಾಂತಿ" ಅನ್ನುವ ವಿಷಯದ ಮೇಲೆ 50 ರೂಪಾಯಿಯ ಬೆಳ್ಳಿ ನಾಣ್ಯ ಬಂತು. 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿ ಅನ್ನುವ ವಿಷಯದ ಮೇಲೆ 100 ರೂಪಾಯಿಯದು ಬಂತು. ಸಾಲು ಸಾಲು ಗಂಡಸರ ಮುಖಗಳ ನಡುವೆ ಇವೆರಡನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಈಗ ಗಮನ ಕೊಟ್ಟು ಕೇಳಿ. ಈ ದೊಡ್ಡ ಸ್ಮಾರಕ ನಾಣ್ಯಗಳಲ್ಲಿ ಬಹುಪಾಲಿನ ತೂಕ 35 ಗ್ರಾಂ, ಅಗಲ 44 ಮಿಲಿಮೀಟರ್. ಅಂಗೈ ಮೇಲೆ ಇಟ್ಟರೆ "ಅಬ್ಬಾ, ಎಷ್ಟು ಬೆಳ್ಳಿ" ಅನಿಸುತ್ತದೆ. ಆದರೆ ಅದರಲ್ಲಿ ಬೆಳ್ಳಿ 50 ಭಾಗ, ತಾಮ್ರ 40, ನಿಕ್ಕಲ್ 5, ಸತು 5. ಅಂದರೆ ಶುದ್ಧ ಬೆಳ್ಳಿ 17.5 ಗ್ರಾಂ ಮಾತ್ರ. ಯುದ್ಧಕಾಲದಲ್ಲಿ ಶುರುವಾದ ಅದೇ ಅರ್ಧ ಬೆಳ್ಳಿಯ ಮಿಶ್ರಣ. ಎಲ್ಲವೂ ಹಾಗೇ ಅಂತ ತಿಳಿಯಬೇಡಿ. 1969ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿ ನಾಣ್ಯ 15 ಗ್ರಾಂ, ಅದರಲ್ಲಿ 80 ಭಾಗ ಬೆಳ್ಳಿ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷಕ್ಕೆ ಮಾಡಿದ 1000 ರೂಪಾಯಿಯ ನಾಣ್ಯದಲ್ಲೂ 80 ಭಾಗ. ರಿಸರ್ವ್ ಬ್ಯಾಂಕಿನ 90ನೇ ವರ್ಷಕ್ಕೆ 2024ರಲ್ಲಿ ಬಂದ 90 ರೂಪಾಯಿಯ ನಾಣ್ಯ 40 ಗ್ರಾಂ, ಅದು ಶುದ್ಧ ಬೆಳ್ಳಿ. ಹೀಗಾಗಿ ಗಾತ್ರ ನೋಡಿ ಬೆಲೆ ಕಟ್ಟಬಾರದು. ಜೊತೆಗೆ ಬರುವ ಚೀಟಿಯಲ್ಲಿ ತೂಕ, ಲೋಹದ ಪಾಲು ಎರಡೂ ಬರೆದಿರುತ್ತದೆ, ಅದನ್ನು ಓದಬೇಕು.

ಮುಖಬೆಲೆ ನೋಡಿಯೂ ಮೋಸ ಹೋಗಬಾರದು. 75 ರೂಪಾಯಿ, 125 ರೂಪಾಯಿ, 150 ರೂಪಾಯಿ, ಗುರು ನಾನಕರ ನಾಣ್ಯಕ್ಕೆ 550 ರೂಪಾಯಿ. ಈ ಸಂಖ್ಯೆಗಳು ಎಷ್ಟನೇ ವರ್ಷದ ನೆನಪು ಅನ್ನುವುದನ್ನು ಹೇಳುತ್ತವೆ, ನಾಣ್ಯದ ಬೆಲೆಯನ್ನಲ್ಲ. ಮುಖಬೆಲೆ, ಲೋಹದ ಬೆಲೆ, ಮಾರುವ ಬೆಲೆ ಇವು ಮೂರು ಬೇರೆ ಬೇರೆ.

ಒಂದು ಲೆಕ್ಕ ಮಾಡೋಣ. ಬೆಳ್ಳಿಯ ದರ ದಿನವೂ ಬದಲಾಗುತ್ತದೆ. ಬಾಯಿಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಳ್ಳುತ್ತೇನೆ, ಇದು ಇವತ್ತಿನ ದರ ಅಲ್ಲ. ಅಂಗಡಿಯ 10 ಗ್ರಾಂ ಲಕ್ಷ್ಮಿ ಬಿಲ್ಲೆಯಲ್ಲಿ 1000 ರೂಪಾಯಿಯ ಬೆಳ್ಳಿ ಇದೆ. ಅಂಗಡಿಯವರು ಮಜೂರಿ ಸೇರಿಸಿ 1150 ಅಂದರು, ಮೇಲೆ ಶೇಕಡಾ 3 ಜಿಎಸ್‌ಟಿ. ಒಟ್ಟು 1184 ರೂಪಾಯಿ 50 ಪೈಸೆ. ಪ್ರೀಮಿಯಂ ಸುಮಾರು ಶೇಕಡಾ 18. ಈಗ 35 ಗ್ರಾಂನ ಸ್ಮಾರಕ ನಾಣ್ಯ. ಅದರಲ್ಲಿ 1750 ರೂಪಾಯಿಯ ಬೆಳ್ಳಿ. ನೀವು ಅದಕ್ಕೆ 3500 ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಪ್ರೀಮಿಯಂ ಶೇಕಡಾ 100. ಅಂದರೆ ಬೆಳ್ಳಿಗೆ ಒಂದು ಪಾಲು, ಮುದ್ರೆಗೆ ಇನ್ನೊಂದು ಪಾಲು.

ಆ ಎರಡನೇ ಪಾಲು ಎಲ್ಲಿಗೆ ಹೋಗುತ್ತದೆ? ಅನ್ಯಾಯವಾಗಿ ಯಾರೋ ನುಂಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಸಂಗ್ರಹಕಾರರ ನಾಣ್ಯ ಹೊಡೆಯುವುದು ನಾಜೂಕಿನ ಕೆಲಸ. ಅಚ್ಚು ಕೆತ್ತಬೇಕು. "ಪ್ರೂಫ್" ಅನ್ನುವ ಬಗೆಗೆ ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯ ಹಾಗೆ ಹೊಳಪು ಮಾಡಿ, ಒಂದೇ ನಾಣ್ಯಕ್ಕೆ ಒಂದಕ್ಕಿಂತ ಹೆಚ್ಚು ಸಲ ಒತ್ತು ಕೊಡುತ್ತಾರೆ. ಸಂಖ್ಯೆ ಕಡಿಮೆ, ಹಾಗಾಗಿ ಒಂದೊಂದರ ಮೇಲೆ ಬೀಳುವ ಖರ್ಚು ಜಾಸ್ತಿ. ಪೆಟ್ಟಿಗೆ, ಅಂಚೆ, ತೆರಿಗೆ. ಇದೆಲ್ಲ ನಿಜವಾದ ಖರ್ಚೇ. ಮದುವೆ ಸೀರೆಗೆ ನಾವು ಬರೀ ರೇಷ್ಮೆಯ ತೂಕಕ್ಕೆ ದುಡ್ಡು ಕೊಡುತ್ತೇವೆಯೇ? ನೇಕಾರರ ಕೈಗೂ ಕೊಡುತ್ತೇವೆ. ಆದರೆ ಸೀರೆಯನ್ನು ನಾವು ಉಳಿತಾಯ ಅಂತ ಕರೆಯುವುದಿಲ್ಲ. ನಾಣ್ಯವನ್ನು ಕರೆಯುತ್ತೇವೆ. ತೊಂದರೆ ಅಲ್ಲಿದೆ.

ನಾವು ಕೊಟ್ಟ ಪ್ರೀಮಿಯಂ ತಿರುಗಿ ಬರುತ್ತದೆಯೇ? ಬೆಳ್ಳಿಗೆ ಕೊಟ್ಟ ಹಣ ಬೆಳ್ಳಿಯ ದರದ ಜೊತೆ ಏರುತ್ತದೆ, ಇಳಿಯುತ್ತದೆ. ಅದನ್ನು ಯಾವ ಊರಿನಲ್ಲಾದರೂ ಕೇಳಿಕೊಂಡು ಮಾರಬಹುದು. ಮುದ್ರೆಗೆ ಕೊಟ್ಟ ಹಣ ಹಾಗಲ್ಲ. ಆ ಮುದ್ರೆಯೇ ಬೇಕು ಅನ್ನುವ ಇನ್ನೊಬ್ಬ ಮನುಷ್ಯ ಸಿಕ್ಕಿದರೆ ಮಾತ್ರ ಬರುತ್ತದೆ. ಟಂಕಸಾಲೆಗೆ ಮಾರುವ ಕಿಟಕಿ ಇದೆ, ಮರಳಿ ಕೊಳ್ಳುವ ಕಿಟಕಿ ಇಲ್ಲ.

ಇಲ್ಲಿ ಯಾರಾದರೂ "ಹಳೆಯ ನಾಣ್ಯಗಳು ಲಕ್ಷಗಟ್ಟಲೆ ಹೋಗುತ್ತವಲ್ಲ" ಅನ್ನುತ್ತಾರೆ. ಹೋಗುತ್ತವೆ, ಕೆಲವು. ಯಾಕೆ ಹೋಗುತ್ತವೆ ಅನ್ನುವುದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ಮೊದಲ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಕೆತ್ತಿದವರು ಸೊಂಡಿಲನ್ನು ಎಷ್ಟು ಚಿಕ್ಕದು ಮಾಡಿದ್ದರು ಅಂದರೆ ಜನರ ಕಣ್ಣಿಗೆ ಅದು ಹಂದಿಯ ಹಾಗೆ ಕಂಡಿತು. ಗದ್ದಲವಾಯಿತು. ಸುಮಾರು 94 ಲಕ್ಷ ನಾಣ್ಯ ಹೊಡೆದಿದ್ದರು, ಹೊರಗೆ ಬಂದಿದ್ದು 7 ಲಕ್ಷದಷ್ಟು. ಉಳಿದವನ್ನು ಕರಗಿಸಿದರು. 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಹೊಡೆದರು. ಹೊರಗೆ ಬಂದವನ್ನೂ ಜನ ಸಂತೆಯಲ್ಲಿ ಖರ್ಚು ಮಾಡಿದರು, ಅಕ್ಕಸಾಲಿಗರು ಕರಗಿಸಿದರು. ಯಾರೂ ಜೋಪಾನ ಮಾಡಲಿಲ್ಲ. ಅದಕ್ಕೇ ಇವತ್ತು ಚೆನ್ನಾಗಿ ಉಳಿದಿರುವ "ಹಂದಿ ರೂಪಾಯಿ"ಗೆ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚು ಕೊಡುವವರಿದ್ದಾರೆ.

ಈಗ ನಮ್ಮ ಮಖಮಲ್ಲಿನ ಪೆಟ್ಟಿಗೆಗೆ ಬನ್ನಿ. ಕೊಂಡವರೆಲ್ಲ ಅದನ್ನು ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದಾರೆ. ಒಂದೂ ಸಂತೆಗೆ ಹೋಗಿಲ್ಲ, ಒಂದೂ ಸವೆದಿಲ್ಲ. ಇನ್ನೂ 50 ವರ್ಷದ ನಂತರವೂ ಹೆಚ್ಚು ಕಡಿಮೆ ಅಷ್ಟೂ ಇರುತ್ತವೆ, ಎಲ್ಲವೂ ಹೊಳೆಯುತ್ತಾ. ಹಳೆಯದು ಅಪರೂಪವಾದದ್ದು ಯಾರೂ ಎತ್ತಿಡದೆ ಹೋದದ್ದರಿಂದ. ಹೊಸದು ಎಲ್ಲರೂ ಎತ್ತಿಡಲಿ ಅಂತಲೇ ಹುಟ್ಟಿದ್ದು. ಈ ಒಂದು ಮಾತು ನೆನಪಿಟ್ಟುಕೊಂಡರೆ "ಮುಂದೆ ಇದಕ್ಕೆ ಭಾರೀ ಬೆಲೆ ಬರುತ್ತೆ ಮೇಡಂ" ಅನ್ನುವ ಮಾತಿಗೆ ಏನು ಉತ್ತರ ಕೊಡಬೇಕು ಅಂತ ನಿಮಗೇ ಹೊಳೆಯುತ್ತದೆ.

ನಮ್ಮಲ್ಲಿ ಹಲವರ ಮಕ್ಕಳು ಅಮೆರಿಕದಲ್ಲಿದ್ದಾರೆ, ಅಲ್ಲಿಂದಲೂ ನಾಣ್ಯ ತರುತ್ತಾರೆ. ಅಲ್ಲಿಯ ಒಂದು ಪ್ರಸಂಗ ಕೇಳಿ. 2010ರಲ್ಲಿ ಅಮೆರಿಕದ ಟಂಕಸಾಲೆ ರಾಷ್ಟ್ರೀಯ ಉದ್ಯಾನಗಳ ಚಿತ್ರವಿರುವ 5 ಔನ್ಸಿನ ಬೆಳ್ಳಿ ನಾಣ್ಯಗಳ ಸರಣಿ ಶುರು ಮಾಡಿತು. ಒಂದೊಂದೂ ಸುಮಾರು 155 ಗ್ರಾಂ, 3 ಇಂಚು ಅಗಲ. ನಮ್ಮ ಅಡುಗೆಮನೆಯ ಸಣ್ಣ ಬೆಳ್ಳಿ ತಟ್ಟೆಯಷ್ಟು. ಮುಖಬೆಲೆ ಮಾತ್ರ ಕಾಲು ಡಾಲರ್. ಮೊದಲ ವರ್ಷ ಒಂದೊಂದು ಚಿತ್ರಕ್ಕೆ 33,000 ನಾಣ್ಯ ಮಾತ್ರ. ಕಡಿಮೆ ಸಂಖ್ಯೆ ಅಂತ ತಿಳಿದ ತಕ್ಷಣ ಸಗಟು ವ್ಯಾಪಾರಿಗಳು ಬೆಲೆ ಏರಿಸಲು ಹೊರಟರು. ಆಗ ಟಂಕಸಾಲೆ ಮಾರಾಟ ತಡೆದು ಷರತ್ತು ಹಾಕಿತು. ತಾವು ಕೊಂಡ ಬೆಲೆಯ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಒಂದು ಮನೆಗೆ ಒಂದು ಚಿತ್ರದ ಒಂದೇ ನಾಣ್ಯ. ಸರಣಿ 2021ರ ತನಕ ನಡೆದು ಒಟ್ಟು 56 ಚಿತ್ರಗಳು ಬಂದವು. ಮೊದಲ ಐದಕ್ಕೆ ಮುಗಿಬಿದ್ದವರೆಲ್ಲ 56ನೆಯದಕ್ಕೂ ಅದೇ ಆಸೆಯಿಂದ ಬರುತ್ತಾರೆಯೇ? ನಮ್ಮ ಮನೆಯಲ್ಲೇ ಒಂದು ಸರಣಿಯ ಸ್ಟೀಲ್ ಡಬ್ಬಿ ಎಷ್ಟನೆಯದಕ್ಕೆ ಬೇಸರ ಬರುತ್ತದೆ ಅಂತ ಯೋಚಿಸಿ ನೋಡಿ.

ದೊಡ್ಡ ನಾಣ್ಯಕ್ಕೆ ಇನ್ನೊಂದು ಗುಣವೂ ಇದೆ. ಬರೀ ಬೆಳ್ಳಿಗಾಗಿ ಕೊಳ್ಳುವುದಾದರೆ ದೊಡ್ಡದು ಲಾಭ. ಹತ್ತು ಗ್ರಾಂನ ಹತ್ತು ಬಿಲ್ಲೆಗೆ ಹತ್ತು ಸಲ ಮಜೂರಿ, ನೂರು ಗ್ರಾಂನ ಒಂದಕ್ಕೆ ಒಂದೇ ಸಲ. ಆದರೆ ಸಂಗ್ರಹಕಾರರ ದೊಡ್ಡ ನಾಣ್ಯದಲ್ಲಿ ಈ ಲೆಕ್ಕ ತಿರುಗಿಬಿಡುತ್ತದೆ. ಬೆಲೆ ದೊಡ್ಡದು, ಕೊಳ್ಳುವವರು ಕೆಲವೇ ಜನ. ಮಗಳ ಫೀಸಿಗೆ ಸ್ವಲ್ಪ ಹಣ ಬೇಕಾದರೆ ಅದನ್ನು ಅರ್ಧ ಕತ್ತರಿಸಿ ಮಾರುವ ಹಾಗಿಲ್ಲ. ಸಣ್ಣ ಬಿಲ್ಲೆಗಳಲ್ಲಿ ಎರಡು ಕೊಟ್ಟು ಎಂಟು ಉಳಿಸಿಕೊಳ್ಳಬಹುದು. ಹೆಂಗಸರ ಕಷ್ಟ ಬರುವುದೇ ಕಂತು ಕಂತಿನಲ್ಲಿ, ಅದಕ್ಕೆ ಒದಗುವುದು ಚಿಲ್ಲರೆಯಾಗಿ ಒಡೆಯುವ ಉಳಿತಾಯ.

ಮುದ್ರೆಯೇ ಇಲ್ಲದ ಬೆಳ್ಳಿಗೂ ಕೆಲವು ಸಲ ಪ್ರೀಮಿಯಂ ಬರುತ್ತದೆ. 2025ರ ಅಕ್ಟೋಬರಿನ ದೀಪಾವಳಿ ನೆನಪಿದೆಯಲ್ಲ? ಬೆಳ್ಳಿ ಸಿಗುತ್ತಿಲ್ಲ ಅಂತ ಎಲ್ಲ ಕಡೆ ಕೂಗು. ಅಂತರರಾಷ್ಟ್ರೀಯ ದರವೇ ಔನ್ಸಿಗೆ 50 ಡಾಲರ್ ದಾಟಿತ್ತು, ಅದರ ಮೇಲೆ ನಮ್ಮ ದೇಶದಲ್ಲಿ ಇನ್ನೂ ಹೆಚ್ಚು ಕೊಟ್ಟು ಕೊಳ್ಳುವ ಸ್ಥಿತಿ ಬಂತು. ಕಾಗದದ ರೂಪದ ಬೆಳ್ಳಿಯನ್ನೂ ಅದು ಬಿಡಲಿಲ್ಲ. ಕೋಟಕ್, ಎಸ್‌ಬಿಐ, ಯುಟಿಐ ಮ್ಯೂಚುವಲ್ ಫಂಡ್‌ಗಳು ತಮ್ಮ ಬೆಳ್ಳಿ ಫಂಡಿಗೆ ಒಮ್ಮೆಲೇ ದೊಡ್ಡ ಮೊತ್ತ ಹಾಕುವುದನ್ನು ಸ್ವಲ್ಪ ಕಾಲ ನಿಲ್ಲಿಸಿದವು. ದೀಪಾವಳಿಯ ವಾರ ಕಳೆಯುವುದರೊಳಗೆ ದರ ಇಳಿಯಿತು. ಮುಂದೆ ಮತ್ತೆ ಏರಿತು, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ. ಎಲ್ಲರೂ ಒಟ್ಟಿಗೆ ಅಂಗಡಿಗೆ ಹೋದ ದಿನ ಪ್ರೀಮಿಯಂ ಅತಿ ಹೆಚ್ಚು. ಶಾಸ್ತ್ರಕ್ಕೆ ಆ ದಿನ ಒಂದು ಸಣ್ಣ ಬಿಲ್ಲೆ ತಂದರೆ ಸಾಕು, ಉಳಿತಾಯದ ಬೆಳ್ಳಿಯನ್ನು ಸಾದಾ ದಿನ ತರಬಹುದು.

"ನಾವು ಎಷ್ಟೋ ವರ್ಷದ ಹಿಂದೆ ಪ್ರೀಮಿಯಂ ಕೊಟ್ಟು ಕೊಂಡಿದ್ದೆವು, ಈಗ ಬೆಳ್ಳಿ ಏರಿ ಅದೆಲ್ಲ ಮುಚ್ಚಿಹೋಯಿತು, ಲಾಭವೇ ಆಯಿತಲ್ಲ?" ಅಂತ ಕೇಳುವವರಿದ್ದಾರೆ. ಆಯಿತು. ಆದರೆ ಲಾಭ ತಂದವರು ಯಾರು ಅಂತ ನೋಡಬೇಕು. ಗ್ರಾಂಗೆ 50 ರೂಪಾಯಿ ಇದ್ದಾಗ ಅರ್ಧ ಬೆಳ್ಳಿಯ ಒಂದು ನಾಣ್ಯಕ್ಕೆ 2000 ಕೊಟ್ಟಿರಿ ಅನ್ನೋಣ. ಒಳಗಿನ ಬೆಳ್ಳಿ 875 ರೂಪಾಯಿಯದು. ದರ 150 ಆಯಿತು. ಒಳಗಿನ ಬೆಳ್ಳಿ ಈಗ 2625. ಸಂತೋಷ. ಅದೇ ದಿನ ಅದೇ 2000ಕ್ಕೆ ಸಾದಾ ಬೆಳ್ಳಿ ತಂದಿದ್ದರೆ, ತೆರಿಗೆ ಮತ್ತು ಸ್ವಲ್ಪ ಖರ್ಚು ಕಳೆದು ಸುಮಾರು 38 ಗ್ರಾಂ ಬರುತ್ತಿತ್ತು. ಅದು ಈಗ 5700 ರೂಪಾಯಿ. ಹಾಗಾದರೆ ಆ ನಾಣ್ಯವನ್ನು ಯಾರಾದರೂ 5700 ಕೊಟ್ಟು ಕೊಂಡರೆ ಮಾತ್ರ ಮುದ್ರೆ ತನ್ನ ಪಾಲು ದುಡಿದಂತೆ. ಇಲ್ಲದಿದ್ದರೆ ದುಡಿದದ್ದು ಬೆಳ್ಳಿ, ಹೆಸರು ಮುದ್ರೆಗೆ.

ಈ ವಿಷಯವನ್ನು ಮಹಿಳಾ ವೇದಿಕೆಯಲ್ಲಿ ಯಾಕೆ ಮಾತಾಡಬೇಕು? ನಾಣ್ಯ ಕೂಡಿಸುವ ಹವ್ಯಾಸ ಹೆಚ್ಚಾಗಿ ಮನೆಯ ಗಂಡಸರದು. ಕೊನೆಗೆ ಅದನ್ನು ಮಾರಬೇಕಾಗಿ ಬರುವುದು ಹೆಚ್ಚಾಗಿ ನಮಗೆ, ಅದೂ ಕೆಟ್ಟ ಗಳಿಗೆಯಲ್ಲಿ.

ನಮ್ಮ ಪರಿಚಯದ ಒಬ್ಬ ಕಾಕು ಇದ್ದಾರೆ, ಬೆಳಗಾವಿ ಕಡೆಯವರು. ಅವರ ಯಜಮಾನರು ನೌಕರಿಯಲ್ಲಿದ್ದಷ್ಟು ದಿನವೂ ಟಂಕಸಾಲೆಯ ನಾಣ್ಯ ತರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾಕು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಒಂದು ಅಂಗಡಿಗೆ ಹೋದರು. ಅಂಗಡಿಯವರು ತೂಕ ಮಾಡಿ, ಯಂತ್ರದಲ್ಲಿ ಶುದ್ಧತೆ ನೋಡಿ, "ಅರ್ಧ ಬೆಳ್ಳಿ, ಅದರಲ್ಲೂ ತಾಮ್ರ ನಿಕ್ಕಲ್ ಬೇರೆ ಮಾಡುವ ಖರ್ಚು ಇದೆ, ಘಟ ಹಿಡಿಯಬೇಕು" ಅಂತ ಹೇಳಿ ಒಂದು ಬೆಲೆ ಹೇಳಿದರು. ಕಾಕುಗೆ ಎದೆ ಒಡೆದ ಹಾಗಾಯಿತು. ಯಜಮಾನರು "ಇದು ನಿನ್ನ ಮುಪ್ಪಿನ ಕಾಲಕ್ಕೆ" ಅಂತ ಹೇಳುತ್ತಿದ್ದರಂತೆ. ಮಾರದೆ ಹಾಗೇ ತಿರುಗಿ ಬಂದರು. ನಮ್ಮ ಮನೆಗೆ ಬಂದು ಚೀಲ ಇಟ್ಟು, "ಇದರಾಗ ಬೆಳ್ಳಿ ಎಷ್ಟ್ ಐತಿ, ಚಿತ್ರ ಎಷ್ಟ್ ಐತಿ, ಅಷ್ಟ್ ಹೇಳವಾ ನನಗ" ಅಂದರು.

ಇಡೀ ಭಾಷಣ ಆ ಒಂದು ಪ್ರಶ್ನೆಯಲ್ಲೇ ಇದೆ. ನಾವಿಬ್ಬರೂ ನೆಲದ ಮೇಲೆ ಹಳೆಯ ಸೀರೆ ಹಾಸಿ ಎಲ್ಲವನ್ನೂ ಮೂರು ಸಾಲು ಮಾಡಿದೆವು. ಪೆಟ್ಟಿಗೆ, ಚೀಟಿ, ಬಿಲ್ಲು ಎಲ್ಲ ಇದ್ದವು ಒಂದು ಸಾಲು. ಪೆಟ್ಟಿಗೆ ಕಳೆದುಹೋದವು, ಕೈಬೆರಳಿನ ಗುರುತು ಬಿದ್ದವು ಇನ್ನೊಂದು ಸಾಲು. ಬೆಳ್ಳಿಯೇ ಇಲ್ಲದ, ತಾಮ್ರ ನಿಕ್ಕಲ್‌ನವು ಮೂರನೆಯ ಸಾಲು. ಒಂದೊಂದರ ಇಸವಿ, ತೂಕ, ಬೆಳ್ಳಿಯ ಪಾಲು ಬರೆದೆವು. ಮೊದಲ ಸಾಲಿನ ಕೆಲವನ್ನು ಅವರ ಅಳಿಯ ನಾಣ್ಯ ಸಂಗ್ರಹಕಾರರ ಮೇಳಕ್ಕೆ ಒಯ್ದರು. ಅವಸರವಿಲ್ಲದೆ, ಮೂವರ ಹತ್ತಿರ ಬೆಲೆ ಕೇಳಿ ಕೊಟ್ಟರು. ಬೆಳ್ಳಿಯ ಬೆಲೆಗಿಂತ ಮೇಲೆಯೇ ಬಂತು, ಆದರೆ ಯಜಮಾನರು ಹೇಳುತ್ತಿದ್ದ ಲೆಕ್ಕದ ಹತ್ತಿರವೂ ಇರಲಿಲ್ಲ. ತುಕಾರಾಮರ ನಾಣ್ಯ ಮಾತ್ರ ಕಾಕು ಕೊಡಲಿಲ್ಲ. "ವಾರಕರಿ ಮಂದಿ ನಡದು ಬರೋ ಊರಾಗ ಇರತೀವಿ, ಅವರನ್ನ ಮಾರೂದೇನು" ಅಂದರು. ಸಾಲದ ಪತ್ರಗಳನ್ನೇ ಇಂದ್ರಾಯಣಿಗೆ ಎಸೆದರು ಅಂತ ಜನ ನಂಬುವ ಸಂತರ ನಾಣ್ಯಕ್ಕೆ ಪ್ರೀಮಿಯಂ ಲೆಕ್ಕ ಹಾಕುವುದು ನನಗೂ ಸರಿ ಕಾಣಲಿಲ್ಲ.

ಬ್ಯಾಂಕಿನ ದೃಷ್ಟಿಯನ್ನೂ ಹೇಳಿಬಿಡುತ್ತೇನೆ. ಚಿನ್ನ ಬೆಳ್ಳಿಯ ಅಡವಿನ ಮೇಲೆ ಸಾಲ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊಸ ನಿಯಮ ಮಾಡಿತು, ಜಾರಿಯ ಗಡುವು 2026ರ ಏಪ್ರಿಲ್ 1. ಬೆಳ್ಳಿ ಒಡವೆ ಒಬ್ಬರಿಂದ 10 ಕಿಲೋ ತನಕ, ಬೆಳ್ಳಿ ನಾಣ್ಯ 500 ಗ್ರಾಂ ತನಕ ಅಡವು ಇಡಿಸಿಕೊಳ್ಳಬಹುದು. ಗಟ್ಟಿಯ ಮೇಲೆ ಸಾಲ ಇಲ್ಲ. ಬೆಲೆ ಕಟ್ಟುವಾಗ ಒಳಗಿನ ಲೋಹದ ಬೆಲೆ ಮಾತ್ರ ಹಿಡಿಯಬೇಕು. ಹರಳು, ಕೆತ್ತನೆ ಯಾವುದಕ್ಕೂ ಬೆಲೆ ಇಲ್ಲ. ಅಂದರೆ ಕಷ್ಟಕಾಲದಲ್ಲಿ ಬ್ಯಾಂಕು ನಮ್ಮ ಮುದ್ರೆಯನ್ನು ಓದುವುದೇ ಇಲ್ಲ.

"ಹಾಗಾದರೆ ಕರಗಿಸಿ ಬೆಳ್ಳಿ ತೆಗೆದುಬಿಡೋಣ" ಅಂತಲೂ ಹೇಳುವಂತಿಲ್ಲ. 2011ರ ನಾಣ್ಯ ಕಾಯ್ದೆಯಲ್ಲಿ ನಾಣ್ಯ ಅನ್ನುವ ಪದದೊಳಗೆ ಸ್ಮಾರಕ ನಾಣ್ಯವೂ ಸೇರುತ್ತದೆ, ನಾಣ್ಯವನ್ನು ಕರಗಿಸುವುದು ಆ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಸರ್ಕಾರಿ ನಾಣ್ಯವನ್ನು ನಾಣ್ಯವಾಗಿಯೇ ಕೊಳ್ಳುವವರಿಗೆ ಕೊಡಬೇಕು.

ಇನ್ನು ಮನೆಯಲ್ಲಿ ಮಾಡುವ ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು, ಸಂಗ್ರಹದ ನಾಣ್ಯವನ್ನು ಉಜ್ಜಬೇಡಿ. ಹಬ್ಬದ ಹಿಂದಿನ ದಿನ ದೀಪ, ಪಂಚಪಾತ್ರೆ ಎಲ್ಲ ಹುಣಸೆಹಣ್ಣು, ವಿಭೂತಿ, ಸಬೀನಾ ಹಾಕಿ ತಿಕ್ಕುವಾಗ ಇದನ್ನೂ ಸೇರಿಸಿಬಿಡುತ್ತೇವೆ. ಬೆಳ್ಳಿ ಹೊಳೆಯುತ್ತದೆ, ಸಂಗ್ರಹಕಾರರ ಕಣ್ಣಿನಲ್ಲಿ ನಾಣ್ಯ ಸತ್ತುಹೋಗುತ್ತದೆ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ಡಬ್ಬಿ ಬಿಚ್ಚಬೇಡಿ, ಬಿಚ್ಚಿದರೂ ಅಂಚು ಹಿಡಿಯಿರಿ, ಮುಖ ಮುಟ್ಟಬೇಡಿ. ಪೂಜೆಗೆ ಬೇರೆ ಬಿಲ್ಲೆ ಇಟ್ಟುಕೊಳ್ಳಿ, ಅದನ್ನು ಎಷ್ಟು ಬೇಕಾದರೂ ತಿಕ್ಕಿ.

ಎರಡನೆಯದು, ಅಯಸ್ಕಾಂತದ ಪರೀಕ್ಷೆಯನ್ನೊಂದೇ ನಂಬಬೇಡಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ತಾಮ್ರವೂ ಅಂಟುವುದಿಲ್ಲ, ನಾವು ಅರಿಶಿನ ಕುಂಕುಮಕ್ಕೆ ಕೊಡುವ ಜರ್ಮನ್ ಸಿಲ್ವರ್ ಬಟ್ಟಲೂ ಅಂಟುವುದಿಲ್ಲ, ಅದರಲ್ಲಿ ಬೆಳ್ಳಿಯ ಹನಿಯೂ ಇಲ್ಲ. ತೂಕ ನೋಡಿ, ಅಗಲ ನೋಡಿ, ಬೆಲೆ ದೊಡ್ಡದಾದರೆ ಶುದ್ಧತೆಯ ಯಂತ್ರದಲ್ಲಿ ತೋರಿಸಿ. ಲಕ್ಷ್ಮೀ ರಸ್ತೆ, ಸೋನ್ಯಾ ಮಾರುತಿ ಚೌಕದ ಕಡೆ ಹೋದರೆ ಎರಡು ಮೂರು ಕಡೆ ಬೆಲೆ ಕೇಳುವುದಕ್ಕೆ ನಾಚಿಕೆ ಬೇಡ.

ಮೂರನೆಯದು, ಬಿಲ್ಲು ಬಿಸಾಡಬೇಡಿ. ಕೊಂಡ ದಿನ, ಕೊಟ್ಟ ಹಣ ಬೇಕಾಗುತ್ತದೆ. ಈಗಿನ ತೆರಿಗೆ ನಿಯಮದಲ್ಲಿ ಬೆಳ್ಳಿಯನ್ನು ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಬರುವ ಲಾಭಕ್ಕೆ ಶೇಕಡಾ 12.5 ತೆರಿಗೆ. ಕೊಂಡ ಬೆಲೆಗೆ ಆಧಾರ ಇಲ್ಲದಿದ್ದರೆ ಲಾಭ ಎಷ್ಟು ಅಂತ ತೋರಿಸುವುದೇ ಕಷ್ಟ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಶಾಲೆಯ ನೋಟ್‌ಬುಕ್ ತಗೊಳ್ಳಿ. ನಾಣ್ಯದ ಹೆಸರು, ಇಸವಿ, ತೂಕ, ಬೆಳ್ಳಿಯ ಪಾಲು ಬರೆಯಿರಿ. ಪಕ್ಕದಲ್ಲಿ ಎರಡು ಕಾಲಂ. ಒಂದರಲ್ಲಿ "ಬೆಳ್ಳಿಗೆ ಕೊಟ್ಟದ್ದು", ಇನ್ನೊಂದರಲ್ಲಿ "ಮುದ್ರೆಗೆ ಕೊಟ್ಟದ್ದು". ಉಳಿತಾಯ ಎಷ್ಟಿದೆ ಅಂತ ಕೂಡಿಸುವಾಗ ಮೊದಲನೇ ಕಾಲಂ ಮಾತ್ರ ಕೂಡಿಸಿ. ಎರಡನೆಯದು ಪ್ರೀತಿಯ ಖರ್ಚು, ಯಾತ್ರೆಗೆ ಹೋದ ಹಾಗೆ, ಸಂಗೀತ ಕಛೇರಿಗೆ ಟಿಕೆಟ್ ತಗೊಂಡ ಹಾಗೆ. ಮನೆಯಲ್ಲಿ ನಾಣ್ಯ ಕೂಡಿಸುವವರು ಯಜಮಾನರಾದರೆ ಅವರನ್ನೇ ಪಕ್ಕ ಕೂಡಿಸಿಕೊಂಡು ಬರೆಸಿ. ಯಾವುದು ಅಪರೂಪದ್ದು, ಯಾರ ಹತ್ತಿರ ಮಾರಬಹುದು, ಯಾವುದನ್ನು ಮಾರಲೇಬಾರದು ಅನ್ನುವುದು ಅವರ ತಲೆಯಲ್ಲಿದೆ. ತಲೆಯಲ್ಲಿ ಇದ್ದದ್ದು ಕಾಗದಕ್ಕೆ ಬರಲಿ.

ದೊಡ್ಡ ಬೆಳ್ಳಿ ನಾಣ್ಯ ಕೊಳ್ಳಬೇಡಿ ಅಂತ ನಾನು ಹೇಳಲಿಲ್ಲ. ಬಸವಣ್ಣನವರ ನಾಣ್ಯ ಮೊಮ್ಮಗನ ಕೈಯಲ್ಲಿಟ್ಟು ಅವರು ಯಾರು ಅಂತ ಹೇಳುವ ಸಂತೋಷಕ್ಕೆ ಬೆಲೆ ಕಟ್ಟಲು ನಾನು ಯಾರು? 1975ರ ಆ ಮಹಿಳಾ ವರ್ಷದ ನಾಣ್ಯವನ್ನು ಮಗಳ ಮದುವೆಗೆ ಉಡುಗೊರೆ ಕೊಡುವುದು ಚೆಂದವೇ. ಕೊಡುವಾಗ ಅವಳಿಗೆ ಒಂದು ಮಾತು ಹೇಳಿಕೊಡಿ: "ಇದು ನೆನಪಿಗೆ, ಕಷ್ಟಕಾಲಕ್ಕೆ ಅಂತ ಬೇರೆ ಇಟ್ಟಿದ್ದೇನೆ." ಆ ಬೇರೆ ಇಟ್ಟದ್ದು ನಿಜವಾಗಿಯೂ ಇರಲಿ.

ಮುಂದಿನ ಸಭೆಗೆ ನೋಟ್‌ಬುಕ್ ತಂದವರಿಗೆ ಲೆಕ್ಕ ಹಾಕುವುದಕ್ಕೆ ನಾನು ಕೂಡುತ್ತೇನೆ. ನಾಣ್ಯಗಳನ್ನು ಮಾತ್ರ ತರಬೇಡಿ, ಲೋಕಲ್ ರೈಲಿನ ಗದ್ದಲದಲ್ಲಿ ಕಳೆದುಹೋದಾವು. ಚೀಟಿ ಸಾಕು.